ಧೂಳುದುರದ ಜೋಳ

ನಮ್ಮ ವಾರಗಿತ್ತಿಯ ಹೊಲ ಪಿರಿಯಾಪಟ್ಟಣದ ಹತ್ತಿರವಿದೆ. ಮೈದುನ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅವಳ ಮಗನ ಕೈಗೆ ಹೋಯಿತು. ಬಾವಿ ಪಕ್ಕದ ಅರ್ಧ ಎಕರೆಯನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. "ಅದು ಕೆಟ್ರೆ ಮುಂದ್ಲ ವರ್ಸ ಅದ್ನೂ ನಾನೇ ಮಾಡ್ತೀನಿ ಕಣವ್ವ" ಎಂದು ಮಗ ಹೇಳಿಬಿಟ್ಟಿದ್ದ.

ಹಿಂದಿನ ವರ್ಷ ಯಾವುದೋ ಕಂಪನಿಯವರು ಅಲ್ಲೇ ಬೀಜಕ್ಕೆಂದೇ ಬೆಳೆಸುವ ಮುಸುಕಿನ ಜೋಳದ ಸೀಡ್ ಪ್ಲಾಟ್ ಮಾಡಿಸಿದ್ದರು. ಅವರು ಒಯ್ದು ಉಳಿದದ್ದರಲ್ಲಿ ಇವಳು ದಪ್ಪ ತೆನೆಗಳನ್ನು ಆರಿಸಿ, ಸಿಪ್ಪೆ ಹೆಣೆದು, ಒಲೆಯ ಹೊಗೆ ತಾಗುವಂತೆ ನೇತುಹಾಕಿದಳು. ನಮ್ಮ ಕಡೆ ಬೀಜ ಕಾಯ್ದಿಡುವುದೇ ಹಾಗೆ. ಈ ಸಲ ಅದನ್ನೇ ಬಿತ್ತಿದಳು.

ನಾನು ಹೋದಾಗ ಗಿಡಗಳ ತುದಿಯಲ್ಲಿ ಗಂಡು ಹೂವು ಬಿಚ್ಚಿತ್ತು. ತೆನೆಯ ಕೂದಲು ಮಾತ್ರ ಬಾಡದೆ ಗೇಣುದ್ದ ಇಳಿಬಿದ್ದಿತ್ತು. ಹೂವನ್ನು ಅಂಗೈ ಮೇಲೆ ಕೊಡವಿದೆ. ಪರಾಗದ ಧೂಳು ಒಂದಿಷ್ಟೂ ಉದುರಲಿಲ್ಲ.

ಕಾನ್ವೆಂಟಿನ ಬಾಟನಿ ಕ್ಲಾಸು, ಅದರ ಉದ್ದನೆಯ ಕಿಟಕಿ, ಸಿಸ್ಟರ್ ಬೋರ್ಡಿನ ಮೇಲೆ ಬರೆದ 'ಮೇಲ್ ಸ್ಟೆರೈಲ್', ಅಂದರೆ ಗಂಡು ಬಂಜೆ, ಎಲ್ಲ ನೆನಪಾದವು. ಕೆಲವು ತಾಯಿ ತಳಿಗಳಲ್ಲಿ ಪರಾಗವೇ ಆಗುವುದಿಲ್ಲ. ಆ ಗುಣ ತಾಯಿಯಿಂದ ಮಕ್ಕಳಿಗೆಲ್ಲ ಇಳಿಯುತ್ತದೆ. ಅದನ್ನು ಸರಿಪಡಿಸುವ ರಿಸ್ಟೋರರ್ ಜೀನ್ ತಂದೆಯಿಂದ ಬಂದರೆ ಮಾತ್ರ ಪರಾಗ ಮರಳುತ್ತದೆ. ಹೈಬ್ರಿಡ್ ಬೀಜ ಮಾಡಲು ಕಂಪನಿಗೆ ಬೇಕಿದ್ದದ್ದು ಆ ತಾಯಿ ತಳಿಯೇ, ಇವಳು ಕಾಯ್ದಿಟ್ಟ ತೆನೆಗಳೂ ಅದರವೇ. ಆ ಜೀನ್ ಇಲ್ಲದ ತಂದೆಯನ್ನು ಬೇಕೆಂದೇ ಹಾಕಿರಬೇಕು. ಇದನ್ನೆಲ್ಲ ಅವಳಿಗೆ ಹೇಳತೊಡಗಿದೆ.

"ಅಕ್ಕ, ನಿಮ್ ಇಂಗ್ಲೀಸು ಆಮೇಲಾಗ್ಲಿ. ಗಿಡುಕ್ಕೆ ಏನಾಗದೆ ಏಳಿ."

"ತೆನೆ ಸರಿಯಾಗೇ ಇದೆ ಕಣೇ. ಗಂಡು ಹೂವು ಖಾಲಿ."

"ನಮ್ಮೂರ್ ಗಂಡಸ್ರಂಗೆ ಅನ್ನಿ. ಮೀಸೆ ಅದೆ, ಕೆಲ್ಸ ಇಲ್ಲ."

ಪಕ್ಕದ ಹೊಲದ ಜೋಳವೂ ಹೂವಾಗಿತ್ತು, ಆದರೆ ಗಾಳಿ ಇತ್ತ ಬೀಸುತ್ತಿರಲಿಲ್ಲ. ಮರುದಿನದಿಂದ ಇಬ್ಬರೂ ಇಬ್ಬನಿ ಆರಿದ ಮೇಲೆ ಅಲ್ಲಿನ ಹೂವುಗಳನ್ನು ನನ್ನ ಅಂಬ್ರೆಲಾದೊಳಕ್ಕೆ ಕೊಡವಿ, ಆ ಹಳದಿ ಧೂಳನ್ನು ತಂದು ಕೂದಲಿನ ಮೇಲೆ ಉದುರಿಸಿದೆವು. ನನಗೆ ಸೊಂಟ ನೋವು, ಅವಳಿಗೆ ಅವಸರ. ಕೊನೆಯ ಸಾಲುಗಳಿಗೆ ಹೋಗುವಷ್ಟರಲ್ಲಿ ಕೂದಲು ಒಣಗಿತ್ತು.

ಕಟಾವಿನಲ್ಲಿ ನಮ್ಮ ಕೈ ಹೋದ ತೆನೆಗಳು ಕಾಳು ಕಟ್ಟಿದ್ದವು. ಉಳಿದವು ಬೋಳು ದಿಂಡು.

ಮಗ ಒಂದು ತೆನೆ ಸುಲಿದು ನೋಡಿದ. "ಅರ್ಧಕ್ಕರ್ಧ ಓಯ್ತಲ್ಲವ್ವ. ಇನ್ಮೇಲೆ ನಾನೇ ಅಂಗ್ಡಿ ಬೀಜ ತತ್ತೀನಿ."

"ಅಂಗ್ಡೀದೇ ಆಗ್ಲಿ ಕಣ್ಲಾ. ತರೋಳು ನಾನು."

ಮುಂದಿನ ಬಿತ್ತನೆಗೆ ಹುಣಸೂರಿಗೆ ನನ್ನನ್ನೂ ಕರೆದೊಯ್ದಳು. ಬೀಜದ ಚೀಲ ಮುಟ್ಟಿ ಅಂಗಡಿಯವರನ್ನು ಕೇಳಿದಳು, "ಇದ್ರ ಹೂವಲ್ಲಿ ಧೂಳು ಉದುರ್ತದಾ?"

ಅವರು ಉತ್ತರ ಹೇಳಲು ಅವಳನ್ನು ಬಿಟ್ಟು ಕನ್ನಡಕ ಹಾಕಿದ್ದ ನನ್ನ ಮುಖ ನೋಡಿದರು.

"ಅವರಿಗೇ ಹೇಳಿ. ಹೊಲ ಅವರದು" ಎಂದೆ.