ಖಾಸಿಂಸಾಬನಿಗೆ ನೀರು ಹಾಕುವವರು

ಇಳಕಲ್ಲಿನ ನಮ್ಮ ಓಣಿಯಲ್ಲಿ ಗಂಡಸರು ಯಾರೇ ತೀರಿಕೊಂಡರೂ ಮೊದಲ ಕರೆ ಹೋಗುತ್ತಿದ್ದದ್ದು ಖಾಸಿಂಸಾಬನಿಗೆ. ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುವವನು. ಸುದ್ದಿ ಬಂದರೆ ಮಶೀನು ಬಂದ್ ಮಾಡಿ ಬಂದುಬಿಡುತ್ತಿದ್ದ. ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಸ್ನಾನ ಮಾಡಿಸುವ ಗುಸಲ್ ಎಲ್ಲರಿಂದಾಗುವ ಕೆಲಸವಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೇ ಹಿಂದೆ ಸರಿಯುತ್ತಾರೆ. ನಾನೂ ಸರಿದವನೇ. ನನ್ನ ಅಪ್ಪನಿಗೆ ನೀರು ಹಾಕಿದವನು ಅವನು. "ಚಾಚಾ, ನೀರು ಭಾಳ ಬಿಸಿ ಇಲ್ರಿ" ಎಂದು ಜೀವ ಇದ್ದವರಿಗೆ ಹೇಳುವಂತೆ ಹೇಳುತ್ತಲೇ ಹಾಕಿದ.

ಮೂರು ವರ್ಷದ ಹಿಂದೆ ಅವನಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಗುಟ್ಟಾಗಿ ಬಾಗಲಕೋಟೆಗೆ ಹೋಗಿ ಗುಳಿಗೆ ತರುತ್ತಿದ್ದ. ಅಲ್ಲಿನ ಆಸ್ಪತ್ರೆಯಲ್ಲಿ ಆ ಗುಳಿಗೆಯ ಸಾಲಿನಲ್ಲಿ ನಿಂತದ್ದನ್ನು ನಮ್ಮವರೊಬ್ಬರು ಕಂಡರು, ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ರೋಗ ಹೇಗೆ ಬಂತು ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ, ಅವನನ್ನು ಕೇಳಿದವರು ಒಬ್ಬರೂ ಇಲ್ಲ. ಗುಸಲ್‌ಗೆ ಕರೆಯುವುದು ನಿಂತೇಹೋಯಿತು. ಸತ್ತವನಿಗೆ ಇನ್ನೆಂಥ ರೋಗ ಅಂಟೀತು? ಇಷ್ಟು ಸಣ್ಣ ಪ್ರಶ್ನೆ ಯಾರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗೂ.

ಕಳೆದ ವರ್ಷ ಅವನ ತಮ್ಮ ಫಾರೂಕ ಎದೆನೋವು ಬಂದು ತೀರಿಕೊಂಡ. ಖಾಸಿಂಸಾಬ ಬಾರಿಹಣ್ಣಿನ ಗಿಡದ ಎಲೆ ಹಾಕಿ ನೀರು ಕಾಯಿಸಿ, ತೋಳು ಮಡಚಿ ನಿಂತಿದ್ದ.

"ನೀ ಹೊರಗ ಇರಪಾ" ಎಂದರು ಹಿರಿಯರು.

ತಮ್ಮನಲ್ಲವೇ, ಒಂದು ಹೆಜ್ಜೆ ಒಳಗಿಟ್ಟ. ಗುಸಲ್‌ಗೆ ಅಡ್ಡ ಕಟ್ಟಿದ್ದ ಪರದೆಯ ತುದಿ ಹಿಡಿದು ನಿಂತಿದ್ದವನು ನಾನು. ಅವನ ಮುಖ ನೋಡುತ್ತಲೇ ಅದನ್ನು ಎಳೆದು ಮುಚ್ಚಿಬಿಟ್ಟೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಲವತ್ತು ದಿನ ಕಳೆದ ಮೇಲೆ ನನ್ನ ಹೊಲಿಗೆ ಅಂಗಡಿಗೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಅಫ್ಜಲ, ನಾ ಸತ್ತರ ನನಗ ನೀ ನೀರು ಹಾಕ್ತೀ ಏನು?"

"ಈಗ್ಯಾಕಲೇ ಆ ಮಾತು? ಗುಳಿಗಿ ಚಲೋ ಹತ್ಯಾವಲ್ಲ."

"ಹತ್ಯಾವ. ಕೇಳಿದ್ದಕ್ಕ ಹೇಳು."

ನಾನು ಡಬ್ಬಿಯಲ್ಲಿ ಗುಂಡಿ ಹುಡುಕತೊಡಗಿದೆ. "ಇರ್ಲಿ ಬಿಡು" ಎಂದು ಅವನು ಹೋದ.

ತಿಂಗಳುಗಟ್ಟಲೆ ನನಗೆ ಸಮಾಧಾನವಿರಲಿಲ್ಲ. ಹೋದ ಶುಕ್ರವಾರ ನಮಾಜು ಮುಗಿಸಿದವನೇ ಅವನ ಮನೆಗೆ ನಡೆದೆ. ಹಾಕ್ತೇನಿ ಎಂದು ಹೇಳಿಬರಲೆಂದೇ ಹೋದದ್ದು. ಬಾಗಿಲು ತೆರೆದಿತ್ತು. ಖಾಸಿಂಸಾಬ ನೆಲದ ಮೇಲೆ ಕೈ ನೀಡಿ ಮಲಗಿದ್ದ. ಹೆಂಡತಿ ಜೋಹರಾ ಖಾಲಿ ತಂಬಿಗೆ ಹಿಡಿದು ಪಕ್ಕದಲ್ಲಿ ಕೂತು ಅಳುತ್ತಿದ್ದಳು. ಗಂಡನಿಗೆ ಹೆಂಡತಿ ಗುಸಲ್ ಮಾಡಿಸಬಹುದು, ನಮ್ಮಲ್ಲಿ ಅದಕ್ಕೆ ಅಡ್ಡಿಯಿಲ್ಲ.

"ಮೊದಲ ಬಲಗಡೆ, ಆಮ್ಯಾಲ ಎಡಗಡೆ," ಕಣ್ಣು ಮುಚ್ಚಿಕೊಂಡೇ ಹೇಳಿಕೊಡುತ್ತಿದ್ದ. "ನನ್ನ ಮಗ್ಗಲಕ್ಕ ಹೊಳ್ಳಸೂದು ನಿನ್ನೊಬ್ಬಾಕಿ ಕಡಿಂದ ಆಗೂದಿಲ್ಲ. ಆಗದಿದ್ರ ಬೆನ್ನು ಬಿಟ್ಟುಬಿಡು."

ನಾನು ಹೊಸ್ತಿಲಲ್ಲೇ ಇದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡದೆ ವಾಪಸು ಬಂದೆ.