ನಾಳಿನ ಮೀನಿನ ಮಾತು

ರೇಡಿಯೋದಲ್ಲಿ ನಾನು ಆರು ವರ್ಷ ಮಾತಾಡಿದ್ದೇನೆ. ಹಾಡಿದ್ದಲ್ಲ, ಕತೆ ಹೇಳಿದ್ದೂ ಅಲ್ಲ. ಕಾರವಾರದ ಮೀನುಪೇಟೆಗೆ ಆ ದಿನ ಯಾವ ಮೀನು ಬಂದಿದೆ, ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು, ಇಷ್ಟೇ. ಬೆಳಿಗ್ಗೆ ಎಂಟು ಗಂಟೆಗೆ ಮೂರು ನಿಮಿಷ. ಆ ಹೊತ್ತಿಗೆ ನಾನು ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದೆ. ಹಾಗಾಗಿ ನನ್ನ ದನಿಯನ್ನು ಊರೆಲ್ಲ ಕೇಳಿದರೂ ನಾನು ಕೇಳಿದ್ದು ಕಡಿಮೆ.

ನಾನು ಹುಟ್ಟಿದ್ದು ಅಂಕೋಲೆ ಕಡೆ. ಶಾಲೆ ಎರಡನೇ ಇಯತ್ತೆಗೆ ಮುಗಿಯಿತು. ಬಸ್ಸಿನ ಬೋರ್ಡು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಮದುವೆಯಾಗಿ ಕಾರವಾರಕ್ಕೆ ಬಂದ ಮಾರನೆಯ ವಾರವೇ ಅತ್ತೆ ನನ್ನನ್ನು ಪೇಟೆಯ ಕಲ್ಲಿನ ಮೇಲೆ ಕೂರಿಸಿದಳು. ಅವಳು ಕಲಿಸಿದ್ದು ಎರಡು ಮಾತು. ಒಂದು, ಐಸಿನ ಮೀನನ್ನು ಇಂದಿನ ಮೀನು ಎಂದು ಹೇಳಬೇಡ; ಹೇಳಿದರೆ ಒಮ್ಮೆ ಮಾರಬಹುದು, ಎರಡನೆಯ ಸಲ ಆ ಗಿರಾಕಿ ನಿನ್ನ ಎದುರಿಗೇ ನಡೆದು ಪಕ್ಕದವಳ ಹತ್ತಿರ ಹೋಗುತ್ತಾನೆ. ಎರಡು, ದೋಣಿ ದಡ ಮುಟ್ಟುವ ಮೊದಲು ಮೀನಿನ ಹೆಸರು ಎತ್ತಬೇಡ. ನಮ್ಮ ಮನೆಯಲ್ಲಿ ಗಂಡಸರು ಸಮುದ್ರದಲ್ಲಿರುವಾಗ 'ಇಂದು ಬಂಗಡೆ ಬಂದೀತು' ಎಂದು ಯಾರೂ ಅನ್ನುತ್ತಿರಲಿಲ್ಲ. ಒಮ್ಮೆ ನಾನು ಅಂದು, ಅತ್ತೆಯಿಂದ ಸೌಟಿನ ಪೆಟ್ಟು ತಿಂದಿದ್ದೇನೆ. ಗಂಡ ಹೋದ, ಅತ್ತೆ ಹೋದಳು. ಕಲ್ಲು ನನಗೆ ಉಳಿಯಿತು, ಆ ಎರಡು ಮಾತೂ ಉಳಿದವು.

ರೇಡಿಯೋದ ಹುಡುಗಿ ಪೇಟೆಗೆ ಬಂದದ್ದು ಮಳೆಗಾಲ ಮುಗಿದ ಮೇಲೆ, ಹೊಸ ಮೀನು ಬರತೊಡಗಿದಾಗ. ಹುಡುಗಿ ಎಂದರೆ ಮೂವತ್ತು ದಾಟಿತ್ತು. ಅಂಕೋಲೆಯಲ್ಲಿ ತಾಯಿಯ ಜೊತೆ ಇದ್ದಳು, ಮೊದಲ ಬಸ್ಸಿಗೆ ಕಾರವಾರಕ್ಕೆ ಬರುತ್ತಿದ್ದಳು. ಅವಳದು ಕಾಯಂ ನೌಕರಿ ಅಲ್ಲ. ರೇಡಿಯೋ ಸ್ಟೇಶನ್ನಿನವರು ಡ್ಯೂಟಿಗೆ ಕರೆದ ದಿನ ಕೆಲಸ, ಕರೆಯದ ದಿನ ಮನೆ. ಅಂದು ಸ್ಟೇಶನ್ನಿನ ವ್ಯಾನಿನಿಂದ ಇಳಿದು, ಕೈಯಲ್ಲಿ ರೆಕಾರ್ಡರು ಹಿಡಿದುಕೊಂಡು, ಮೀನಿನ ನೀರಿನಲ್ಲಿ ಸೀರೆ ನೆನೆಯದಂತೆ ಎತ್ತಿಕೊಂಡು ನನ್ನ ಎದುರು ನಿಂತಳು.

"ಅಕ್ಕಾ, ಇಂದು ಏನೇನು ಬಂದದೆ?"

"ಕಣ್ಣಿಲ್ವೇನೆ ನಿಂಗೆ? ಬುಟ್ಟಿ ನೋಡು."

"ನಾನು ನೋಡ್ತೆ. ರೇಡಿಯೋ ಕೇಳೋರು ಹೆಂಗೆ ನೋಡೂದು?"

ಅವಳ ಮಾತು ಸರಿ ಇತ್ತು. ಹೇಳಿದೆ. ಬಂಗಡೆ ಇಂದಿನದು, ಇಸ್ವಾಣ ಐಸಿನದು, ಬೇಕಾದರೆ ಕೊಳ್ಳಿ, ಬೇಡವಾದರೆ ಬಿಡಿ. ಒಳ್ಳೆಯ ಮೀನು ಗುರುತಿಸುವುದು ಹೇಗೆ ಎಂದು ಕೇಳಿದಳು. "ಮೀನಿನ ಕಿವಿ ಎತ್ತಿ ನೋಡು, ಒಳಗೆ ಕೆಂಪಿರಬೇಕು. ಮಾರೂವಳು ನಿನ್ನ ತಾಯಿಯಾದ್ರೂ ಎತ್ತಿ ನೋಡು" ಎಂದೆ. ಪಕ್ಕದ ಕಲ್ಲಿನವಳು ತಡೆಯಲಾರದೆ ಬಾಯಿ ಹಾಕಿದಳು: "ಬಂದ್ಳು ಗೋ ರೇಡಿಯೋ ಬಾಯಿ! ನನ್ನ ತಾರ್ಲೆಗೂ ಒಂದು ಮಾತು ಹೇಳು, ಅದ್ಕೂ ಒಂದು ಗಂಡು ಸಿಗ್ಲಿ." ಅದೂ ರೆಕಾರ್ಡಾಯಿತು. ಎಂಟು ಗಂಟೆಗೆ ಅದೂ ಸೇರಿ ಊರಿಗೆ ಕೇಳಿಸಿತು. ಆ ದಿನ ಅವಳ ಬುಟ್ಟಿಯ ತಾರ್ಲೆ ಮೀನೆಲ್ಲ ಖಾಲಿ.

ಹೀಗೆ ಅದು ನಡೆಯಿತು. ಶಿರವಾಡದಲ್ಲಿ ಒಬ್ಬರು ನಿವೃತ್ತ ಮಾಸ್ತರು ಇದ್ದರು. ಎಂಟಕ್ಕೆ ರೇಡಿಯೋ ಕೇಳಿ, ಚೀಲ ತೆಗೆದುಕೊಂಡು ಬಸ್ಸು ಹತ್ತಿ, ಒಂಬತ್ತಕ್ಕೆ ನನ್ನ ಕಲ್ಲಿನ ಎದುರು ಹಾಜರು. ಕೈಗಾದಲ್ಲಿ ಕೆಲಸ ಮಾಡುವವರ ಹೆಂಡತಿಯರು, ಗಂಡನನ್ನು ಕಂಪನಿಯ ಬಸ್ಸಿಗೆ ಕಳಿಸಿ, ರೇಡಿಯೋ ಮಾತು ಕೇಳಿಯೇ ಪೇಟೆಗೆ ಹೊರಡುತ್ತಿದ್ದರು. ನಾನು ಇಲ್ಲ ಅಂದರೆ ಬರುತ್ತಿರಲಿಲ್ಲ. ಅಷ್ಟು ಜನರ ಒಂದು ಬಸ್ಸಿನ ತಿರುಗಾಟ ನನ್ನ ನಾಲಿಗೆಯ ಮೇಲಿತ್ತು.

ನಾಲ್ಕು ವರ್ಷದ ಮೇಲೆ ಒಂದೊಂದೇ ಕಡಿಮೆಯಾಗತೊಡಗಿತು. ಮೊದಲು ವ್ಯಾನು ಹೋಯಿತು. ಹುಡುಗಿ ಬಸ್ ಸ್ಟ್ಯಾಂಡಿನಿಂದ ನಡೆದು ಬರತೊಡಗಿದಳು. ಬೆಳಗಿನ ಡ್ಯೂಟಿಯಲ್ಲಿ ಮೂವರು ಮಾತಾಡುವವರು ಇದ್ದರು, ಇವಳೊಬ್ಬಳೇ ಉಳಿದಳು. ಹಾಡನ್ನು ಕಂಪ್ಯೂಟರೇ ಹಾಕುತ್ತದೆ, ನಡುವೆ ಹೆಸರು ಹೇಳಲು ಜನ ಯಾಕೆ ಎಂದರಂತೆ. ಆಮೇಲೆ ರೆಕಾರ್ಡರನ್ನು ಹೊರಗೆ ಒಯ್ಯಬಾರದು ಎಂದಾಯಿತು. ಎಲ್ಲವೂ ಮೇಲಿನ ಆಫೀಸಿನ ಹುಕುಮು. ಮೇಲಿನ ಆಫೀಸು ಎಂದರೆ ಎಲ್ಲಿ ಎಂದು ಕೇಳಿದೆ.

"ನಂಗೂ ಗೊತ್ತಿಲ್ಲೆ ಅಕ್ಕಾ. ಕಾಗದ ಬತ್ತದೆ, ಜನ ಬರೂದಿಲ್ಲ" ಎಂದಳು.

ಒಂದು ಮಧ್ಯಾಹ್ನ ನನ್ನನ್ನು ಸ್ಟೇಶನ್ನಿಗೆ ಕರೆಸಿದರು. ಆಫೀಸರು ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟರು, ಚಾ ತರಿಸಿದರು. ಇನ್ನು ಮೇಲೆ ವಾರಕ್ಕೊಮ್ಮೆ ಬಂದು ಹೋದರೆ ಸಾಕು ಎಂದರು.

"ಏಳು ದಿನದ್ದು ಒಟ್ಟಿಗೇ ಹೇಳಿಬಿಡಿ ಅಮ್ಮಾ. ನಾವು ದಿನಕ್ಕೊಂದು ಹಾಕ್ತೇವೆ."

"ಸಾಯಬ್ರೆ, ನಾಳಿನ ಮೀನು ಇನ್ನೂ ಸಮುದ್ರದಲ್ಲೇ ಅದೆ. ನಂಗೆ ಹೆಂಗೆ ಗೊತ್ತಾಗೂದು?"

"ಒಂದು ಅಂದಾಜು ಹೇಳಿ."

"ಅಂದಾಜು ಹಾಕ್ರೆ ಸಾರು ಆಗೂದಿಲ್ಲ."

ಅವರು ನಕ್ಕರು. ನಾನು ನಗಲಿಲ್ಲ. ದೋಣಿ ಬರುವ ಮೊದಲು ನಾವು ಮೀನಿನ ಹೆಸರು ಎತ್ತುವುದಿಲ್ಲ ಎಂದು ಹೇಳಿ, ಚಾ ಕುಡಿದು ಎದ್ದು ಬಂದೆ. ಕಾರ್ಯಕ್ರಮ ಮುಗಿಯಿತು ಎಂದುಕೊಂಡೆ. ಪೇಟೆಗೆ ಯಾರೂ ರೆಕಾರ್ಡರು ತರಲಿಲ್ಲ.

ಹತ್ತು ಹನ್ನೆರಡು ದಿನ ಹೋಗಿರಬೇಕು. ಎರಡು ದಿನದಿಂದ ಗಾಳಿ ಜೋರಿತ್ತು, ದೋಣಿ ಇಳಿದಿರಲಿಲ್ಲ. ಪೇಟೆಯಲ್ಲಿ ಹಳೆಯ ಐಸಿನ ಮೀನು, ಒಣಮೀನು ಬಿಟ್ಟರೆ ಏನೂ ಇಲ್ಲ. ಒಂಬತ್ತಕ್ಕೆ ಮಾಸ್ತರು ಬಂದರು. ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು.

"ಏನ ಬಾಯಿ, ಬಂಗಡೆ ರೇಡಿಯೋದಲ್ಲೇ ಮಾರಿ ಮುಗಿಸ್ದ್ಯಾ? ನಮಗೆ ಬುಟ್ಟಿ ತೋರ್ಸೂಕೆ ಕೂತದ್ದಾ?"

"ಯಾವ ಬಂಗಡೆ?"

"ಇಂದು ರಾಶಿ ಬಂದದೆ, ಇಂದಿನದೇ, ಬಂದು ತಕಳಿ ಅಂತ ನೀನೇ ಅಂದೆ. ಎಂಟಕ್ಕೆ. ನಿನ್ನದೇ ದನಿ."

ಪಕ್ಕದವಳು ಮುಸಿಮುಸಿ ನಕ್ಕಳು. ಮಾಸ್ತರು ನಗಲಿಲ್ಲ. "ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳ್ದೆ. ನಿನ್ನ ಬಾಯಲ್ಲಿ ಕೇಳ್ತೆ ಅಂತ ಅಂದ್ಕೊಂಡಿರ್ಲಿಲ್ಲ" ಎಂದು ಖಾಲಿ ಚೀಲ ಮಡಚಿಕೊಂಡು ಹೋದರು. ಆ ದಿನ ಇನ್ನೂ ಮೂವರು ಬಂದು ಹಾಗೇ ತಿರುಗಿದರು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಸ್ಟೇಶನ್ನಿಗೆ ನಡೆದೆ.

ಹುಡುಗಿ ಜಗಲಿಯಲ್ಲಿ ಕೂತು ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದಳು. ನನ್ನನ್ನು ಕಂಡು ಡಬ್ಬಿ ಮುಚ್ಚಿದಳು.

"ಟೇಪು ಹಾಕಿದ್ದು ನಾನೇ ಅಕ್ಕಾ" ಎಂದಳು, ನಾನು ಕೇಳುವ ಮೊದಲೇ.

ಹಿಂದಿನ ವರ್ಷಗಳ ನನ್ನ ಮಾತೆಲ್ಲ ಟೇಪಿನಲ್ಲಿ ಇತ್ತು. ಹೊಸದು ಸಿಗದಿದ್ದರೆ ಹಳೆಯದು ಹಾಕಿ ಎಂದು ಆಫೀಸರು ಹೇಳಿದ್ದರು. ನಿಲ್ಲಿಸು ಎಂದೆ. ಆಗ ವಿಷಯ ಹೊರಗೆ ಬಂತು. ಬೆಳಗಿನ ಹೊತ್ತಿನಲ್ಲಿ ಇಲ್ಲಿಯದೇ ಎನ್ನುವಂಥ ಕಾರ್ಯಕ್ರಮ ಈ ಮೀನಿನದೊಂದೇ ಉಳಿದಿತ್ತು. ಅದಿದ್ದರೆ ಬೆಳಗಿನ ಡ್ಯೂಟಿಗೆ ಒಬ್ಬಳನ್ನು ಕರೆಯಬೇಕು. ಅದು ನಿಂತರೆ ಬೆಳಗಿನದೆಲ್ಲ ದೊಡ್ಡ ಊರಿನ ಸ್ಟೇಶನ್ನಿನಿಂದಲೇ ಬರುತ್ತದೆ, ಇವಳು ಬೇಡ.

"ಹಂಗಾರೆ ನನ್ನ ಬಾಯಲ್ಲಿ ಸುಳ್ಳು ಹೇಳ್ಸಿ ನೀನು ಬಸ್ಸು ಹತ್ತೂದಾ?"

"ಹೌದು" ಎಂದಳು.

ಅತ್ತಿದ್ದರೆ ನಾನು ಬೈದು ಬರುತ್ತಿದ್ದೆ. ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಹೌದು ಅಂದಳು, ಅಷ್ಟೇ. ಅವಳ ಪಕ್ಕದಲ್ಲಿ ಕೂತೆ. ಅವಲಕ್ಕಿ ಕೊಟ್ಟಳು, ತಿಂದೆ. ಉಪ್ಪು ಕಡಿಮೆ ಇತ್ತು, ಅದನ್ನೂ ಹೇಳಿದೆ.

ಕೂತಿದ್ದಾಗ ನನ್ನ ಮೊಬೈಲು ಒಮ್ಮೆ ಹೊಡೆದು ನಿಂತಿತು. ಅಳಿಯ ಕೊಟ್ಟ ಹಳೆಯ ಮೊಬೈಲು. ಅಂಕೋಲೆಯಲ್ಲಿರುವ ಮಗಳು ಬೆಳಗಿನ ಕೆಲಸ ಮುಗಿಸಿ ಮನೆ ಮುಟ್ಟಿದರೆ ಒಂದು ಮಿಸ್ ಕಾಲ್ ಕೊಡುವುದು ನಮ್ಮ ಕ್ರಮ. ಎತ್ತುವುದಿಲ್ಲ, ಖರ್ಚಿಲ್ಲ. ಅದನ್ನು ನೋಡುತ್ತಿರುವಾಗ ತಲೆಗೆ ಬಂತು.

"ಟೇಪಿನಲ್ಲಿ ನಾನು ತಾರೀಕು ಹೇಳ್ದ್ನಾ?"

"ಇಲ್ಲ. ಯಾವಾಗ್ಲೂ 'ಇಂದು' ಅಂತೆ ನೀನು."

"ಬಂಗಡೆದು ಅದೆ?"

"ರಾಶಿ ಅದೆ. ತಾರ್ಲೆದು, ಶೆಟ್ಲಿದು ಅದೆ. ಮೀನಿಲ್ಲ, ಒಣಮೀನು ಸುಟ್ಕೊಳ್ಳಿ ಅಂದದ್ದೂ ಒಂದದೆ."

ಅಲ್ಲಿಯೇ ಲೆಕ್ಕ ಮಾಡಿಕೊಂಡೆವು. ದೋಣಿ ಬಂದ ಮೇಲೆ, ಎಂಟರ ಒಳಗೆ, ನಾನು ಪೇಟೆಯಿಂದ ಮಿಸ್ ಕಾಲ್ ಕೊಡುವುದು. ಒಂದು ಕೊಟ್ಟರೆ ಬಂಗಡೆ, ಎರಡು ತಾರ್ಲೆ, ಮೂರು ಶೆಟ್ಲಿ, ಅಂದರೆ ಸೀಗಡಿ. ಕೊಡದಿದ್ದರೆ ಮೀನಿಲ್ಲ. ನಾಲ್ಕನೆಯದು ಬಂದರೆ ಎತ್ತಬೇಕು, ಬೇರೆ ಏನೋ ಇದೆ ಎಂದು ಅರ್ಥ. ಅವಳು ಮೊಬೈಲಿನ ದನಿ ಬಂದ್ ಮಾಡಿ ರಿಜಿಸ್ಟರಿನ ಪಕ್ಕ ಇಟ್ಟುಕೊಂಡು ಅದರ ಬೆಳಕು ಎಷ್ಟು ಸಲ ಹೊತ್ತಿತು ಎಂದು ನೋಡುವುದು, ಆಮೇಲೆ ಟೇಪು ಆರಿಸುವುದು. ಹಳೆಯ ಟೇಪು ಹಾಕಿ ಎಂದರಲ್ಲ, ಹಳೆಯದೇ ಹಾಕುತ್ತೇವೆ. ಸುಳ್ಳಾಗದ್ದು ಹಾಕುತ್ತೇವೆ.

ಮಾಸ್ತರು ತಿರುಗಿ ಬರಲು ಒಂದು ತಿಂಗಳು ಬೇಕಾಯಿತು. ಬಂದವರು ಮೊದಲು ಬುಟ್ಟಿಗೆ ಬಗ್ಗಿ ಬಂಗಡೆಯ ಕಿವಿ ಎತ್ತಿ ನೋಡಿದರು. ಕೆಂಪಿತ್ತು. ಆಮೇಲೆ, "ರೇಡಿಯೋದಲ್ಲಿ ಈಗಷ್ಟೇ ಕೆಮ್ತಾ ಇದ್ದೆ. ಇಲ್ಲಿ ಕೆಮ್ಮೇ ಇಲ್ಲ?" ಎಂದರು.

"ಕೆಮ್ಮು ಹೋದ ವರ್ಷದ್ದು. ಮಾತೂ ಹೋದ ವರ್ಷದ್ದೇ. ಮೀನು ಮಾತ್ರ ಇಂದಿನದು."

ಮಿಸ್ ಕಾಲಿನ ಸಂಗತಿ ಪೂರ್ತಿ ಹೇಳಿದೆ. ಅವರು ಎಂಟು ಬಂಗಡೆ ಎಣಿಸಿ ಕೊಂಡರು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ ಎಂದು ಕಾಣುತ್ತದೆ. ಮಾಸ್ತರಾದವರಿಗೆ ಅದು ಕಷ್ಟದ ಕೆಲಸವೇ.

ಒಂದು ಸಲ ಮಾತ್ರ ಕೆಟ್ಟಿತು. ಮೊಬೈಲು ನನ್ನ ಸೊಂಟದಿಂದ ಜಾರಿ ಐಸಿನ ನೀರಿಗೆ ಬಿತ್ತು. ಆ ದಿನ ಪೇಟೆಯ ತುಂಬ ಬಂಗಡೆ. ಮಿಸ್ ಕಾಲ್ ಹೋಗಲಿಲ್ಲ, ರೇಡಿಯೋದಲ್ಲಿ ನಾನು 'ಇಂದು ಮೀನಿಲ್ಲ' ಎಂದೆ. ಗಿರಾಕಿಯೇ ಇಲ್ಲ. ಸಾಲಿನ ಹೆಂಗಸರೆಲ್ಲ ನನ್ನ ಮೇಲೆ ಬಿದ್ದರು. "ಒಣಮೀನು ಸುಟ್ಕಳ್ಳಿ ಅಂದ್ಯಲ್ಲ, ನಿಂಗೆ ಮೀಸೆ ಇದ್ರೆ ಈಗ ಅದ್ನೇ ಸುಡ್ತಿದ್ದೆ!" ಎಂದಳು ಪಕ್ಕದವಳು. ಬೈಸಿಕೊಂಡೆ. ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಮೂರನೆಯ ದಿನ ಅದಕ್ಕೆ ಜೀವ ಬಂತು.

ಹೀಗೆ ಎರಡು ವರ್ಷ ಎಳೆದೆವು. ಅಂದರೆ ಅವಳ ಡ್ಯೂಟಿಯನ್ನು ಎಳೆದೆವು. ಒಂದು ದಿನ ನೋಗ್ಲಿ ಮೀನು ರಾಶಿಯಾಗಿ ಬಂತು. ಅದಕ್ಕೆ ಟೇಪಿಲ್ಲ. ನಾಲ್ಕನೆಯ ಮಿಸ್ ಕಾಲ್ ಕೊಟ್ಟೆ, ಅವಳು ಎತ್ತಿದಳು, ಹೇಳಿದೆ. ಅವಳೇ ಮೈಕಿನಲ್ಲಿ, "ಇಂದು ನೋಗ್ಲಿ ಬಂದಿದೆ, ಪೇಟೆಯ ಅಕ್ಕ ಈಗಷ್ಟೇ ಹೇಳಿದರು" ಎಂದಳಂತೆ. ಬರೆದುಕೊಟ್ಟದ್ದನ್ನು ಬಿಟ್ಟು ಮಾತಾಡಿದ್ದಕ್ಕೆ ಆಫೀಸರು ಕರೆದು ಕೇಳಿದರು. ಅವಳನ್ನು ಕೆಲಸದಿಂದ ತೆಗೆದದ್ದು ಅದಕ್ಕಲ್ಲ. ತೆಗೆಯುವ ಕಾಗದ ಮೊದಲೇ ಹೊರಟಿತ್ತು, ಬಂದು ಮುಟ್ಟಲು ತಡವಾಯಿತು ಅಷ್ಟೇ. ತಿಂಗಳ ಕೊನೆಯಿಂದ ಬೆಳಗಿನದು ಪೂರ್ತಿ ಹೊರಗಿನ ಸ್ಟೇಶನ್ನಿನಿಂದ ಎಂದು.

ಅವಳು ಪೇಟೆಗೆ ಬಂದು ಹೇಳಿದಳು. ಬುಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಸೀರೆ ಎತ್ತಿಕೊಳ್ಳುವುದನ್ನು ಯಾವಾಗಲೋ ಬಿಟ್ಟಿದ್ದಳು.

"ನನ್ನ ಟೇಪು ಏನ ಮಾಡ್ತ್ರು?" ಎಂದೆ.

"ಇರ್ತದೆ ಅಕ್ಕಾ, ಕಪಾಟಿನಲ್ಲಿ."

"ಇರ್ಬಾರ್ದು. ನೀನಿದ್ದಾಗ ಬೇರೆ. ನಾಳೆ ಯಾರೋ ಬಂದು, ತಿಳೀದೆ, ಮಳೆಗಾಲದಲ್ಲಿ ಬಂಗಡೆ ಬಂತು ಅಂತ ನನ್ನ ಬಾಯಲ್ಲಿ ಹೇಳ್ಸೂದು ಬೇಡ. ನಾನು ಸತ್ತ ಮೇಲೂ ಹೇಳ್ಸ್ತ್ರು."

ಕೇಳಿಸಿಕೊಂಡಳು. ಹಳೆಯ ಟೇಪಿನ ಮೇಲೆಯೇ ಹೊಸದನ್ನು ತುಂಬುವುದು ಅಲ್ಲಿ ಮೊದಲಿನಿಂದ ಇದ್ದ ಕ್ರಮ, ಹೊಸ ಟೇಪಿನ ಖರ್ಚು ಉಳಿಯುತ್ತದೆ ಎಂದು. ಕೊನೆಯ ಡ್ಯೂಟಿಯ ದಿನ ನನ್ನ ಅಷ್ಟೂ ಟೇಪುಗಳ ಮೇಲೆ ಒಂದರ ಹಿಂದೊಂದು ಭಜನೆ ತುಂಬಿಸಿಟ್ಟಳು. ಇಷ್ಟು ಟೇಪು ಉಳಿಸಿದೆಯಲ್ಲ ಎಂದು ಆಫೀಸರು ಮೆಚ್ಚಿಕೊಂಡರಂತೆ.

ಈಗ ಎಂಟು ಗಂಟೆಗೆ ರೇಡಿಯೋದಲ್ಲಿ ಯಾರೋ ನಗುತ್ತಾ ಮಾತಾಡುತ್ತಾರೆ. ಅವರ ಊರಿನಲ್ಲಿ ಟ್ರಾಫಿಕ್ಕು ಜಾಮಾದದ್ದು ಹೇಳುತ್ತಾರೆ. ನಮಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಾಸ್ತರು ಮೀನಿದ್ದರೂ ಇಲ್ಲದಿದ್ದರೂ ಒಂಬತ್ತಕ್ಕೆ ಬರುತ್ತಾರೆ. ಇಲ್ಲದ ದಿನ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.

ಹುಡುಗಿ ಶಿರವಾಡದ ಒಂದು ಶಾಲೆಯ ಆಫೀಸಿನಲ್ಲಿದ್ದಾಳೆ. ದಾಖಲಾತಿ ಬರೆಯುವ ಕೆಲಸ. ಮಾತಾಡುವುದು ಕಡಿಮೆಯಂತೆ. ಸಂಜೆ ಅಂಕೋಲೆ ಬಸ್ಸು ಹಿಡಿಯಲು ಪೇಟೆಯ ಮೇಲೆಯೇ ಹೋಗುತ್ತಾಳೆ. ಸಂಜೆಯ ದೋಣಿಗೆ ಒಳ್ಳೆಯದು ಬಂದರೆ ನಾನು ಮಿಸ್ ಕಾಲ್ ಕೊಡುತ್ತೇನೆ, ಹಳೆಯ ಲೆಕ್ಕದಲ್ಲೇ. ಮೊನ್ನೆ ಒಂದು ಕೊಟ್ಟೆ. ಐದೂವರೆಗೆ ಬಂದಳು. ಅವಳಿಗೆಂದು ತೆಗೆದಿಟ್ಟ ಬಂಗಡೆ ಮುಂದಿಟ್ಟೆ. ಅವಳು ಚೀಲ ಕೆಳಗಿಟ್ಟು, ಒಂದೊಂದನ್ನೇ ಕೈಗೆತ್ತಿಕೊಂಡು ಕಿವಿ ಎತ್ತಿ ನೋಡತೊಡಗಿದಳು.

"ಏನೆ, ನನ್ನ ಮೇಲೆ ನಂಬಿಕೆ ಇಲ್ಲೆ?"

"ಅದೆ ಅಕ್ಕಾ" ಎಂದು ಐದನೆಯದನ್ನು ಎತ್ತಿದಳು. "ಆದ್ರೂ ನೋಡ್ತೆ."

ಒಂದನ್ನು ತೆಗೆದು ಬದಿಗಿಟ್ಟಳು. ಅದು ಸ್ವಲ್ಪ ಮೆತ್ತಗಾಗಿತ್ತು. ನಾನು ನೋಡಿರಲಿಲ್ಲ. ಬದಲು ಕೊಟ್ಟೆ.