ಫಕೀರಪ್ಪ ಕಾಸದ ನೀರು

ದೆವ್ವ, ಗಾಳಿ, ಸೋಕು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಆದ್ದರಿಂದ ಇದನ್ನು ಓದಿ ಯಾರೂ ‘ನೋಡಿದಿರಾ, ಕೊನೆಗೆ ಇವನೂ ನಂಬಿದ’ ಎಂದು ಹಿಗ್ಗಬೇಕಾಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ. ಹೇಳುವಾಗ ನನ್ನ ಮೇಲೆಯೇ ನನಗೆ ಸಿಟ್ಟು ಬರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ಚಿಕ್ಕೇರೂರಿನಲ್ಲಿ ನಮ್ಮದು ಹತ್ತಿ, ಮೆಣಸಿನಕಾಯಿ ವ್ಯಾಪಾರ. ಹುಬ್ಬಳ್ಳಿಯ ಹರಾಜಿನಲ್ಲಿ ನಾನೊಂದು ಸಣ್ಣ ಡೀಸೆಲ್ ಲಾರಿ ಕೊಂಡು ತಂದಿದ್ದೆ. ಬೇಸಿಗೆಯಲ್ಲಿ ಅದು ಹೇಳಿದಂತೆ ಕೇಳುತ್ತಿತ್ತು. ಚಳಿ ಬಿತ್ತೆಂದರೆ ಮುಗಿಯಿತು, ಬೆಳಿಗ್ಗೆ ಅದನ್ನು ಎಬ್ಬಿಸುವುದಕ್ಕೆ ಒಂದು ತಾಸು ಬೇಕು. ಬಚ್ಚಲ ಹಂಡೆಯಲ್ಲಿ ನೀರು ಕಾಸಿ ರೇಡಿಯೇಟರಿಗೆ ಸುರಿಯಬೇಕು. ಕೋಲಿಗೆ ಚಿಂದಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಹೊತ್ತಿಸಿ, ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಹಿಡಿಯಬೇಕು. ಆಮೇಲೆ ಮುಂದಿನ ಹ್ಯಾಂಡಲ್ಲಿಗೆ ಇಬ್ಬರು ಬಿದ್ದು ತಿರುವಬೇಕು.

ಇದನ್ನೆಲ್ಲ ಮಾಡುವವನು ನಮ್ಮ ಡ್ರೈವರ್, ದುಂಡಸಿಯ ಫಕೀರಪ್ಪ. ಲಾರಿ ನಿಲ್ಲುವ ಚಪ್ಪರದ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಆ ತಿಂಗಳು ಟ್ಯಾಂಕಿನಲ್ಲಿ ಡೀಸೆಲ್ ಬೇಗ ಇಳಿಯುತ್ತಿದೆಯೆಂದು ನನಗೆ ಅವನ ಮೇಲೆ ಗುಮಾನಿ ಹುಟ್ಟಿತ್ತು. ಪರವಾನಿಗೆಯ ಎಣ್ಣೆ, ಬೇಕೆಂದಾಗ ಸಿಗುವಂಥದ್ದಲ್ಲ.

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಬೆಳೆಗೆ ಎಡೆಯ ಚರಗ ಚೆಲ್ಲಿ ಬಂದ ಮೇಲೆ ಅವ್ವ ಎತ್ತುಗಳಿಗೆ ಮಾಡಿದಂತೆ ಲಾರಿಗೂ ಪೂಜೆ ಮಾಡಿದಳು. ಮುಂದಿನ ಗಾಲಿಗಳ ಎದುರಿಗೇ ನೆಲ ಸಾರಿಸಿ ಅಗಲವಾದ ರಂಗೋಲಿ ಹಾಕಿದಳು. ಲಾರಿಯ ಹಿಂದೆ ಗೋಡೆ. ಹೊರಗೆ ಬರಬೇಕಾದರೆ ಆ ರಂಗೋಲಿಯನ್ನು ತುಳಿದೇ ಬರಬೇಕು. ಇದೊಂದು ನಿಮ್ಮ ಗಮನದಲ್ಲಿರಲಿ.

ಆ ರಾತ್ರಿ, ಚೊಚ್ಚಲ ಹೆರಿಗೆಗೆ ಬಂದಿದ್ದ ತಂಗಿ ಗಂಗವ್ವನಿಗೆ ಬೇನೆ ಶುರುವಾಯಿತು. ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ನಸುಕಿನ ಹೊತ್ತಿಗೆ ಸೂಲಗಿತ್ತಿ ಕೈಚೆಲ್ಲಿದಳು. ಕೂಸು ಅಡ್ಡ ಇದೆ, ಹಾನಗಲ್ಲಿನ ದವಾಖಾನೆಗೆ ಒಯ್ಯಿರಿ, ತಡಮಾಡಿದರೆ ಇಬ್ಬರೂ ಉಳಿಯುವುದಿಲ್ಲ ಎಂದಳು. ನಾನು ಓಡಿಹೋಗಿ ಫಕೀರಪ್ಪನನ್ನು ಎಬ್ಬಿಸಿದೆ. ಅವನು ಒಲೆ ಹಚ್ಚಲು ಬಚ್ಚಲಿಗೆ ಓಡಿದ. ಇನ್ನು ಒಂದು ತಾಸು! ನಾನು ಆ ಲಾರಿಯನ್ನೂ ಅದನ್ನು ಮಾಡಿದವರನ್ನೂ ಬಾಯಿಗೆ ಬಂದಂತೆ ಬಯ್ಯುತ್ತ ರೇಡಿಯೇಟರಿನ ಮುಚ್ಚಳ ತೆಗೆದಿಡೋಣವೆಂದು ಕೈ ಹಾಕಿದೆ. ಅಂಗೈ ಚುರ್ ಎಂದಿತು. ಧೋತರದ ಅಂಚಿನಿಂದ ಹಿಡಿದು ತಿರುವಿದರೆ ಉಗಿ ಬಂತು. ಬಾನೆಟ್ಟಿನ ಮೇಲೆ ಇಬ್ಬನಿ ಹನಿಗಟ್ಟಿತ್ತು. ಒಳಗೆ ನೀರು ಕುದಿಯುತ್ತಿತ್ತು.

ಯೋಚಿಸುವುದಕ್ಕೆ ಅದು ವೇಳೆಯಲ್ಲ. ಫಕೀರಪ್ಪನನ್ನು ಕೂಗಿದೆ. ಅವನು ಬಂದು ಹ್ಯಾಂಡಲ್ ಹಾಕಿ ಅರ್ಧ ಸುತ್ತು ಎಳೆದ, ಲಾರಿ ಶುರುವಾಯಿತು. ಗಂಗವ್ವನನ್ನು ಹಿಂದೆ ಮಲಗಿಸಿ, ರಂಗೋಲಿಯ ಮೇಲೆಯೇ ಗಾಲಿ ಹಾಯಿಸಿಕೊಂಡು ಹೊರಟೆವು. ಹಾನಗಲ್ಲಿನ ಡಾಕ್ಟರು ಕೂಸನ್ನು ತೆಗೆದ ಮೇಲೆ, ಇನ್ನರ್ಧ ತಾಸು ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ತಾಯಿ, ಮಗಳು ಇಬ್ಬರೂ ಉಳಿದರು.

ಇಷ್ಟಕ್ಕೆ ಕೈಮುಗಿದು ಸುಮ್ಮನಿರಬೇಕಿತ್ತು. ಆದರೆ ದವಾಖಾನೆಯ ಕಟ್ಟೆಯ ಮೇಲೆ ಕೂತಲ್ಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಎಂಜಿನ್ನು ಬಿಸಿ ಇತ್ತೆಂದರೆ ಇವನು ರಾತ್ರಿ ಗಾಡಿ ಒಯ್ದಿದ್ದಾನೆ. ಎಣ್ಣೆ ಇಳಿಯುವ ಗುಟ್ಟೂ ಇದೇ. ಸಂಜೆ ಊರಿಗೆ ಬಂದವನೇ, ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಅವನನ್ನು ಕಳ್ಳ ಎಂದೆ.

“ಗಾಡಿ ಎಲ್ಲೂ ಒಯ್ದಿಲ್ರೀ ಸಾವಕಾರ್ರ,” ಎಂದ.

“ಹಂಗಾರ ಬಿಸಿನೀರು ಹಾಕಿದ್ದೇನು? ಹಾಕಿದ್ರ ಹೇಳು, ನಿನ್ನ ಕಾಲು ಬೀಳತೇನಿ.”

“ಹಾಕಿಲ್ರೀ. ನೀವು ಎಬ್ಬಿಸಿದ ಮ್ಯಾಲೇ ಒಲಿ ಹಚ್ಚಾಕ ಹೋದೆ.”

“ಹಂಗಾರ ಗಾಡಿಗೆ ತಾನ ಜ್ವರಾ ಬಂದಿತ್ತೇನಲೇ?”

ಮಂದಿ ನಕ್ಕರು. ಅವ್ವ ಒಳಗಿನಿಂದ ಓಡಿ ಬಂದಳು. “ಅವಂಗ ಬೈಬ್ಯಾಡೋ. ನೀವು ಹೊರಡೂಕಿಂತ ಮೊದಲ ನಾ ಕಂದೀಲ ಹಿಡದು ಬಂದಾಗ ರಂಗೋಲಿ ಹಂಗ ಇತ್ತು. ಒಂದು ಎಳಿ ಅಳಿಸಿದ್ದಿಲ್ಲ,” ಎಂದಳು. ನಾನು ಅವಳನ್ನೂ ಗದರಿಸಿದೆ. ತೋರಿಸಲು ಅಲ್ಲೇನು ಉಳಿದಿತ್ತು? ಅವನ ಪರವಾಗಿದ್ದ ಒಂದೇ ಸಾಕ್ಷಿಯನ್ನು ಬೆಳಿಗ್ಗೆ ನಾವೇ ಗಾಲಿಯಡಿ ಹಾಕಿದ್ದೆವು. ಫಕೀರಪ್ಪ ಹ್ಯಾಂಡಲ್ಲನ್ನು ಒರೆಸಿ ಕಟ್ಟೆಯ ಮೇಲಿಟ್ಟ. ಅವ್ವನಿಗೆ ಕೈಮುಗಿದು ಹೊರಟುಹೋದ.

ಸಿಟ್ಟು ಇಳಿದ ಮೇಲೆ ನನಗೆ ಬುದ್ಧಿ ಬಂತು. ಆ ಎಂಜಿನ್ನು ಶುರುವಾದರೆ ಓಣಿಯ ನಾಯಿಗಳೆಲ್ಲ ಬೊಗಳುತ್ತಿದ್ದವು. ಇಡೀ ರಾತ್ರಿ ಎಚ್ಚರವಿದ್ದ ನಮ್ಮಲ್ಲಿ ಒಬ್ಬರಿಗಾದರೂ ಕೇಳುತ್ತಿರಲಿಲ್ಲವೇ? ಆ ನಸುಕಿನಲ್ಲಿ ಹಂಡೆಯ ನೀರು ತಣ್ಣಗಿತ್ತು. ಅಡುಗೆ ಒಲೆಯ ಮುಂದೆ ಬೆಳತನಕ ಅವ್ವ ಕೂತಿದ್ದಳು, ಅಲ್ಲಿಂದ ಯಾರೂ ನೀರು ಒಯ್ದಿರಲಿಲ್ಲ. ಮತ್ತೆ ಕೆಲವು ದಿನಕ್ಕೆ ಟ್ಯಾಂಕಿನ ಬೆಸುಗೆ ಬಿಟ್ಟು ಎಣ್ಣೆ ಸೋರುತ್ತಿದ್ದದ್ದೂ ಕಂಡಿತು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ. ಓಣಿಯ ಹಿರಿಯರೊಬ್ಬರು ಇದು ಪೂಜೆಯ ಫಲ, ದೇವರೇ ಕಾಸಿದ ಎನ್ನುತ್ತ ಬಂದರು. ದೇವರು ಕಾಸಿದ್ದರೆ ಬಂದು ಆ ಬಡವನ ಪರವಾಗಿ ಒಂದು ಮಾತು ಹೇಳಬೇಕಿತ್ತು ಎಂದು ಅವರ ಮೇಲೂ ಹರಿಹಾಯ್ದೆ.

ಎರಡು ವರ್ಷದ ಮೇಲೆ ಶಿಗ್ಗಾವಿಯ ಸಂತೆಯಲ್ಲಿ ಫಕೀರಪ್ಪ ಸಿಕ್ಕ. ಕಳ್ಳನೆಂದು ಹೆಸರಾದವನಿಗೆ ಗಾಡಿ ಯಾರು ಕೊಡುತ್ತಾರೆ? ಚೀಲ ಹೊರುತ್ತಿದ್ದ. ನಾನು ಅವನನ್ನು ಪಕ್ಕಕ್ಕೆ ಕರೆದೆ.

“ನಾನ ಕಾಸಿದ್ದೆ ಅಂತ ಒಂದ ಮಾತು ಅನ್ನೋ ಫಕೀರಪ್ಪ. ನನಗ ಅಷ್ಟ ಸಾಕು.”

“ಅವತ್ತ ಅಂದಿದ್ರ ನನ್ನ ಕೆಲಸಾ ಉಳೀತಿತ್ರೀ. ಅವತ್ತ ಅನ್ನದ್ದು ಇವತ್ತ ಯಾಕ ಅನ್ಲಿ?” ಎಂದವನೇ ಚೀಲವನ್ನು ಬೆನ್ನಿಗೇರಿಸಿಕೊಂಡು ನಡೆದ.

ಆ ನೀರು ಹೇಗೆ ಕುದಿಯುತ್ತಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಆದರೆ ಸಂತೆಯಲ್ಲಿ ಅವನೆದುರು ನಿಂತಾಗಲೂ ನಾನು ಕೇಳಿದ್ದು ಆ ನೀರಿನ ವಿಷಯವನ್ನೇ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.